ಮಧುಗಿರಿಯ ಸೆರೆ, ಶೃಂಗೇರಿಯ ಸೂರೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಸೀಮೆಯು ಹದಿನೆಂಟನೆಯ ಶತಮಾನದಲ್ಲಿ ಮೈಸೂರು ಹಾಗೂ ಮರಾಠ ಸೈನ್ಯಗಳ ಹಾದಿಯಾಗಿತ್ತು. ಕ್ರಿ.ಶ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರನನ್ನೂ ಮಧುಗಿರಿಯ ದುರ್ಗದಲ್ಲಿ ಸೆರೆಯಿರಿಸಿದನು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ದುರ್ಗವನ್ನು ಹಿಡಿದು ಅವರನ್ನು ಬಿಡಿಸಿತು. ಪುಣೆಗೆ ಹೋಗುವ ದಾರಿಯಲ್ಲಿಯೇ ರಾಣಿಯು ಲಿಂಗೈಕ್ಯಳಾದಳು.

ಸೆರೆಯಿಂದ ಬಿಡಿಸಿದ ಅದೇ ಮರಾಠ ಸೈನ್ಯ ಇಪ್ಪತ್ತನಾಲ್ಕು ವರ್ಷಗಳ ಬಳಿಕ ಮಾಡಿದ ಇನ್ನೊಂದು ಕಾರ್ಯವೂ ಕೆಳದಿಯ ಮನೆತನಕ್ಕೆ ಸಂಬಂಧಪಟ್ಟದ್ದೇ. ಕೆಳದಿಯ ಅರಸರು ವೀರಶೈವರು. ಆದರೂ ತಮ್ಮ ರಾಜ್ಯದಲ್ಲಿದ್ದ ಶೃಂಗೇರಿಯ ಅದ್ವೈತ ಪೀಠವನ್ನು ಪರಕೀಯವೆಂದು ಎಣಿಸಲಿಲ್ಲ. ಹಿರಿಯ ವೆಂಕಟಪ್ಪ ನಾಯಕನು ಆ ಮಠವನ್ನು ಜೀರ್ಣಾವಸ್ಥೆಯಿಂದ ಎತ್ತಿ ನಿಲ್ಲಿಸಿದನು. ಮುಂದಿನವರೂ ಭೂಮಿ ಕಾಣಿಕೆಗಳನ್ನು ಕೊಡುತ್ತ ಬಂದರು. ಇದು ಇಂದಿನವರು ಮರೆತಿರುವ ಸಂಗತಿ, ಮರೆಯಬಾರದ ಸಂಗತಿ.

ಮೂರನೆಯ ಮೈಸೂರು ಯುದ್ಧದಲ್ಲಿ ಮರಾಠರು ಇಂಗ್ಲಿಷರ ಹಾಗೂ ನಿಜಾಮನ ಜೊತೆಗೂಡಿ ಟಿಪ್ಪುಸುಲ್ತಾನನ ಮೇಲೆ ಬಂದರು. 1791ರಲ್ಲಿ ಸಿರಾ ಅವರ ಕೈಸೇರಿತು, ಮಧುಗಿರಿಗೆ ಮತ್ತೆ ಮುತ್ತಿಗೆ ಬಿದ್ದಿತು. ಪಶ್ಚಿಮದ ಕಡೆಯಲ್ಲಿ ಧಾರವಾಡದ ಕೋಟೆಯು ಅದೇ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಪರಶುರಾಮ ಭಾವು ಪಟವರ್ಧನನಿಗೆ ಶರಣಾಯಿತು. ಅಲ್ಲಿಂದ ಮಲೆನಾಡಿನತ್ತ ಸರಿದ ಪಡೆಯಲ್ಲಿ ರಘುನಾಥರಾವ್ ಪಟವರ್ಧನನ ಕುದುರೆ ಸವಾರರಿದ್ದರು, ಪಿಂಡಾರಿಗಳಿದ್ದರು. ಇವರು ಶೃಂಗೇರಿಗೆ ನುಗ್ಗಿದರು. ಅನೇಕರನ್ನು ಕೊಂದರು, ಮಠದ ಆನೆ, ಕುದುರೆ, ಪಲ್ಲಕ್ಕಿ, ಬೆಳ್ಳಿಬಂಗಾರಗಳನ್ನು ದೋಚಿದರು. ಶಾರದೆಯ ವಿಗ್ರಹವನ್ನೂ ಅದರ ಸ್ಥಾನದಿಂದ ಕಿತ್ತರು. ನಷ್ಟವು 60 ಲಕ್ಷ ರೂಪಾಯಿಗಳೆಂಬ ಲೆಕ್ಕವೂ ಉಂಟು. ಅಂದಿನ ಪೀಠಾಧಿಪತಿಗಳಾದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಪೀಠವನ್ನು ತೊರೆದು ಕಾರ್ಕಳಕ್ಕೆ ಹೋಗಬೇಕಾಯಿತು.

ಪೇಶ್ವೆಯರು ಬ್ರಾಹ್ಮಣರು, ಪಟವರ್ಧನರೂ ಬ್ರಾಹ್ಮಣರು; ಸೂರೆಯಾದದ್ದು ಶಂಕರಾಚಾರ್ಯರ ಪೀಠ. ಮತದ್ವೇಷದಿಂದ ಇದನ್ನು ವಿವರಿಸಲಾಗದು. ಪಿಂಡಾರಿಗೆ ತಿಂಗಳ ಸಂಬಳವಿಲ್ಲ. ಲೂಟಿಯೇ ಅವನ ಸಂಬಳ, ಅದರಲ್ಲಿ ಒಂದು ಪಾಲು ಸರದಾರನಿಗೂ ಸಲ್ಲುತ್ತಿತ್ತು. ಅಂಥ ಪಡೆಯನ್ನು ಜೊತೆಗೆ ಕರೆದೊಯ್ಯುವವನು ದಾರಿಯ ಮಠಮಂದಿರಗಳಿಗೆ ಏನಾಗುವುದೆಂದು ಅರಿಯದವನೇನಲ್ಲ. ಆದುದರಿಂದ ತಪ್ಪೆಲ್ಲವನ್ನೂ ಪಿಂಡಾರಿಗಳ ತಲೆಗೆ ಕಟ್ಟಿ ಸರದಾರರನ್ನು ಪಾರುಮಾಡುವ ಬರಹಗಳು ಒಪ್ಪತಕ್ಕವಲ್ಲ.

ಸ್ವಾಮಿಗಳು ನಡೆದುದನ್ನು ಟಿಪ್ಪುವಿಗೆ ಬರೆದು ತಿಳಿಸಿದರು. ಪುಣ್ಯಸ್ಥಳಕ್ಕೆ ದ್ರೋಹ ಬಗೆದವರು ಅದರ ಫಲವನ್ನು ಬೇಗನೆ ಉಣ್ಣುವರೆಂಬ ಅರ್ಥದ ಉತ್ತರವು ಸಂಸ್ಕೃತ ಶ್ಲೋಕವೊಂದರ ಸಮೇತ ಬಂದಿತು. ಶಾರದೆಯ ಪುನಃಪ್ರತಿಷ್ಠೆಗಾಗಿ 200 ರಾಹತಿ ನಗದನ್ನೂ ಇತರ ಪದಾರ್ಥಗಳನ್ನೂ ಒದಗಿಸುವಂತೆ ಬಿದನೂರಿನ ಆಸಫನಿಗೆ ಆಜ್ಞೆಯಾಯಿತು. ಶತ್ರುನಾಶಕ್ಕಾಗಿ ಸಹಸ್ರಚಂಡೀ ಜಪವನ್ನು ನಡೆಸಬೇಕೆಂದೂ ಸುಲ್ತಾನನು ಕೋರಿದನು. ವೆಚ್ಚವನ್ನೂ ಅವನೇ ವಹಿಸಿಕೊಂಡನು.

ಇಷ್ಟರಿಂದ ಟಿಪ್ಪುವನ್ನು ಸರ್ವಧರ್ಮ ರಕ್ಷಕನೆಂದು ಕೊಂಡಾಡುವುದೂ ಅವಸರದ ಮಾತೇ. ಕೊಡಗು, ಮಲಬಾರುಗಳ ಜನ ಕಂಡ ಟಿಪ್ಪು ಬೇರೆ. ಮೂರು ದಿಕ್ಕಿನಿಂದ ವೈರಿಗಳು ಮುತ್ತಿರುವಾಗ ರಾಜ್ಯದ ಬಹುಮಾನ್ಯ ಗುರುವಿನ ಆಶೀರ್ವಾದವು ಅರಸನಿಗೆ ಬೇಕಾಗಿದ್ದಿತು. ಹಾಗೆಂದು ಆ ಗೌರವವೆಲ್ಲ ನಟನೆಯೆನ್ನುವುದೂ ಸಲ್ಲದು. ಯುದ್ಧಕ್ಕೆ ಮುನ್ನವೂ, ಅದು ಮುಗಿದ ಮೇಲೂ ಪತ್ರವ್ಯವಹಾರ ನಡೆದಿತ್ತು. ಸ್ಥಾವರವು ಸೂರೆಯಾಗಿ ಗುರುವು ಪರಸ್ಥಳದಲ್ಲಿದ್ದಾಗ ಆ ಪೀಠದ ಮಾತು ಶ್ರೀರಂಗಪಟ್ಟಣದಲ್ಲಿಯೂ ಪುಣೆಯಲ್ಲಿಯೂ ನಡೆಯಿತೆಂಬುದು ಶರಣಸಾಹಿತ್ಯದ ಸ್ಥಾವರ ಜಂಗಮ ವಿಚಾರವನ್ನು ಬಲ್ಲವರಿಗೆ ಅಚ್ಚರಿಯೆನಿಸದು.

ಪುಣೆಗೂ ದೂರು ಹೋಗಿತ್ತು. ಪರಿಹಾರ ದೊರೆಯದಿದ್ದರೆ ಉಪವಾಸದಿಂದ ದೇಹತ್ಯಾಗ ಮಾಡುವುದಾಗಿ ಸ್ವಾಮಿಗಳು ಎಚ್ಚರಿಸಿದರು. ದೋಚಿದುದನ್ನು ಹಿಂದಿರುಗಿಸಬೇಕೆಂದು ಪೇಶ್ವೆಯ ಸರಕಾರವು ಆಜ್ಞಾಪಿಸಿತು, ಹೋದುದೆಲ್ಲವೂ ಮರಳಲಿಲ್ಲ. ಟಿಪ್ಪುವಿನ ದರಬಾರಿಗೂ ಮಠಕ್ಕೂ ನಡೆದಿದ್ದ, ಕನ್ನಡದಲ್ಲಿ ಬರೆದ ಸುಮಾರು 30 ಪತ್ರಗಳು ಶೃಂಗೇರಿಯ ಮಠದಲ್ಲಿಯೇ ಉಳಿದಿದ್ದವು. 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಅವನ್ನು ಹೊರತೆಗೆದರು.