ಖೋಬರ್ - ದಮ್ಮಾಮ್ ಕಾಲ್ಚೆಂಡು ಪೈಪೋಟಿ: ಒಂದು ಹಿನ್ನೋಟ



ಕ್ರಿಕೆಟ್ ಎಂದರೆ ಊಟ-ತಿಂಡಿ ಮರೆಯುವವರು ನಾವು. ಆದರೆ ನಮ್ಮ ಖೋಬರ್‌ನ ಅಲ್ ಖಾದ್ಸಿಯಾ ಮತ್ತು ದಮ್ಮಾಮ್‌ನ ಅಲ್ ಇತ್ತಿಫಾಕ್ ತಂಡಗಳ ಪಂದ್ಯ ಹತ್ತಿರ ಬಂತೆಂದರೆ ಇಲ್ಲೇ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ಬೇರೆ ಮಾತೇ ಇರುವುದಿಲ್ಲ. ಲೀಗಿನಲ್ಲಿ ಈ ಎರಡು ತಂಡಗಳು ಮತ್ತೊಮ್ಮೆ ಎದುರಾಗುವ ಮುನ್ನ, ಈ ಪೈಪೋಟಿಯ ಹಿನ್ನೆಲೆಯನ್ನು ದೊಡ್ಡವರಾದ ನಾವೂ ತಿಳಿದಿರುವುದು ಒಳ್ಳೆಯದು.

ನಮ್ಮ ಹುಬ್ಬಳ್ಳಿ-ಧಾರವಾಡ ಇದ್ದಂತೆ ಇಲ್ಲಿನ ದಮ್ಮಾಮ್-ಖೋಬರ್. ನಡುವೆ ಸುಮಾರು 20 ಕಿಲೋಮೀಟರ್ ದಾರಿ. ಎರಡೂ ಒಂದು ಕಾಲಕ್ಕೆ ಮೀನುಗಾರರ ಸಣ್ಣ ಊರುಗಳು. 1938ರಲ್ಲಿ ದಹರಾನ್‌ನ 7ನೇ ಬಾವಿಯಲ್ಲಿ ಎಣ್ಣೆ ಉಕ್ಕಿದ ಮೇಲೆ ಇವು ನಗರಗಳಾಗಿ ಬೆಳೆದವು.

ಇಬ್ಬರಲ್ಲಿ ಇತ್ತಿಫಾಕ್ ಹಿರಿಯ. 1940ರ ದಶಕದಲ್ಲಿ ದಮ್ಮಾಮ್‌ನ ಸಣ್ಣ ತಂಡಗಳು ಕೂಡಿ ಒಂದಾದವು. ಇತ್ತಿಫಾಕ್ ಎಂದರೆ ಒಪ್ಪಂದ ಎಂದೇ ಅರ್ಥ. 1968ರಲ್ಲಿ ಅದು ಕಿಂಗ್ಸ್ ಕಪ್ ಗೆದ್ದಿತು. 1982-83ರಲ್ಲಿ ಒಂದೂ ಪಂದ್ಯ ಸೋಲದೆ ಲೀಗ್ ಪ್ರಶಸ್ತಿ ಪಡೆಯಿತು. ಆಗ ತರಬೇತುದಾರರಾಗಿದ್ದವರು ಇದೇ ಪ್ರಾಂತ್ಯದ ಖಲೀಲ್ ಅಲ್ ಝಯಾನಿ. 1984ರಲ್ಲಿ ಸೌದಿ ಅರೇಬಿಯಾ ಮೊದಲ ಬಾರಿಗೆ ಏಷ್ಯಾ ಕಪ್ ಗೆದ್ದಾಗಲೂ ತರಬೇತುದಾರರು ಅವರೇ.

ಖಾದ್ಸಿಯಾ 1967ರಲ್ಲಿ ಹುಟ್ಟಿದ ಕಿರಿಯ ತಂಡ. ಬಹುಕಾಲ ಅದು ನೆರೆಯವರ ನೆರಳಿನಲ್ಲೇ ಇತ್ತು. 1992ರಲ್ಲಿ ಕ್ರೌನ್ ಪ್ರಿನ್ಸ್ ಕಪ್ ಅದರ ಪಾಲಾಯಿತು. 1993-94ರಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ತಂಡವನ್ನು ಸೋಲಿಸಿ ಏಷ್ಯನ್ ಕಪ್ ವಿನ್ನರ್ಸ್ ಕಪ್ಪನ್ನು ಖೋಬರ್‌ಗೆ ತಂದಿತು. ಆದರೆ ಆ ವೈಭವ ಉಳಿಯಲಿಲ್ಲ. ಖಾದ್ಸಿಯಾ ಹಲವು ಸಲ ಎರಡನೆಯ ದರ್ಜೆಗೆ ಇಳಿಯಿತು. ಇತ್ತಿಫಾಕ್ ಕೂಡ 2014ರಲ್ಲಿ ಇಳಿದು, 2016ರಲ್ಲಿ ಮೇಲೆ ಬಂತು. ಒಂದು ತಂಡ ಕೆಳಗಿದ್ದಾಗ ಲೀಗಿನಲ್ಲಿ ಈ ಪಂದ್ಯವೇ ಇರುತ್ತಿರಲಿಲ್ಲ.

2023ರ ಜೂನ್‌ನಲ್ಲಿ ಅರಾಮ್ಕೊ ಕಂಪನಿ ಖಾದ್ಸಿಯಾವನ್ನು ವಹಿಸಿಕೊಂಡಿತು. ಮರುವರ್ಷವೇ ತಂಡ ಮೇಲಿನ ದರ್ಜೆಗೆ ಮರಳಿತು. 2024-25ರಲ್ಲಿ ನಾಲ್ಕನೆಯ ಸ್ಥಾನ ಪಡೆದು, ಕಿಂಗ್ಸ್ ಕಪ್ ಫೈನಲ್‌ವರೆಗೂ ಹೋಗಿ ಅಲ್ ಇತ್ತಿಹಾದ್‌ಗೆ ಸೋತಿತು. ಹೀಗೆ ತಮ್ಮ ಅಣ್ಣನನ್ನು ಮೀರಿಸಿದ್ದಾನೆ. ಅಣ್ಣನಿಗೆ ಇದು ಸಹಿಸಲಾಗದ ಮಾತು. ಹಳೆಯ ಕಪ್‌ಗಳ ಗೌರವ ಒಂದು ಕಡೆ, ಹೊಸ ಬಲ ಇನ್ನೊಂದು ಕಡೆ. ಈ ಪಂದ್ಯದ ಕಾವು ಇರುವುದೇ ಅಲ್ಲಿ.

ಇದರಲ್ಲಿ ನಮಗೇನು ಎಂದು ಕೇಳುವವರಿಗೆ ಎರಡು ಮಾತು. 2023ರ ಮಾರ್ಚ್ 4ರಂದು ರಿಯಾದ್‌ನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿದ್ದಾಗ 1968-69ರಲ್ಲಿ ಗೆದ್ದ ಬಳಿಕ, 54 ವರ್ಷ ಕಾದು ಬಂದ ಕಪ್ ಅದು. ನಮ್ಮ ನಾಡಿನ ಕಾಲ್ಚೆಂಡಿನ ಬರಗಾಲ ನೀಗಿದ್ದು ಈ ಮರಳುಗಾಡಿನ ನೆಲದಲ್ಲಿ!

ಎರಡನೆಯದು ನಮ್ಮ ಮನೆಯ ಮಾತು. ಹಿಂದೆ ಇಲ್ಲಿ ಕ್ರೀಡಾಂಗಣಕ್ಕೆ ತಂದೆ ಮತ್ತು ಗಂಡುಮಕ್ಕಳು ಮಾತ್ರ ಹೋಗಬಹುದಿತ್ತು. ತಾಯಿ, ಮಗಳು ಟಿವಿಯ ಮುಂದೆ ಕೂರಬೇಕಿತ್ತು. 2018ರ ಜನವರಿಯಲ್ಲಿ ಜೆದ್ದಾ, ರಿಯಾದ್, ದಮ್ಮಾಮ್‌ಗಳಲ್ಲಿ ಮೊದಲ ಬಾರಿಗೆ ಸ್ತ್ರೀಯರಿಗೆ ಬಾಗಿಲು ತೆರೆಯಿತು. ಹತ್ತಾರು ವರ್ಷ ಇಲ್ಲಿ ಬಾಳಿ, ಒಂದೂ ಪಂದ್ಯ ಕಾಣದೆ ಊರಿಗೆ ಮರಳಿದ ಅಕ್ಕ-ತಂಗಿಯರು ನಮ್ಮಲ್ಲಿ ಎಷ್ಟೋ ಜನ. ಅವರಿಗೆ ಸಿಗದಿದ್ದುದು ಇಂದಿನ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿದೆ.

ಆದ್ದರಿಂದ ಈ ಸಲ ಮನೆಮಂದಿಯೆಲ್ಲ ಹೊರಡಿ. ದಮ್ಮಾಮ್‌ನ ಸದಸ್ಯರು ಇತ್ತಿಫಾಕ್ ಕಡೆ ಕೂಗಲಿ, ಖೋಬರ್‌ನವರು ಖಾದ್ಸಿಯಾ ಕಡೆ. ಸೋತ ಊರಿನವರು ಸಂಘದ ಮುಂದಿನ ಸಭೆಯಲ್ಲಿ ಎಲ್ಲರಿಗೂ ಚಹಾ ಕುಡಿಸಿದರಾಯಿತು!