ಟೆಕ್ಸಸ್ಸಿನಲ್ಲಿ ಬೆವರಿದ ನಮ್ಮ ಸೀಮೆಯ ಗೂಳಿ

ಅಮೆರಿಕದ ದನಗಳಲ್ಲಿ 'ಬ್ರಾಹ್ಮಣ್' ಎಂಬುದೊಂದು ತಳಿಯಿದೆ ಎಂದರೆ ಊರಲ್ಲಿರುವ ನಮ್ಮ ಹಿರಿಯರು ನಂಬಲಿಕ್ಕಿಲ್ಲ. ಅದನ್ನು ಸಾಕುವುದು ಮಾಂಸಕ್ಕಾಗಿ ಎಂದರಂತೂ ಮಾತೇ ಬೇಡ! ಹೆಸರಿಟ್ಟವರು ಹೂಸ್ಟನ್ನಿನ ಜೆ. ಡಬ್ಲ್ಯು. ಸಾರ್ಟ್‌ವೆಲ್. 1924ರಲ್ಲಿ ಹುಟ್ಟಿದ ಅಮೆರಿಕನ್ ಬ್ರಾಹ್ಮಣ್ ತಳಿಗಾರರ ಸಂಘದ ಮೊದಲ ಕಾರ್ಯದರ್ಶಿ ಅವರು. ಸಸ್ಯಾಹಾರದ ವಿಚಾರ ಅವರ ತಲೆಗೆ ಬಂದಿರಲಾರದು.

ಮಳೆಯೂರಾದ ಸಿಯಾಟಲ್ಲಿನ ನಮಗೆ ದನಗಳ ದರ್ಶನವಾಗಬೇಕಾದರೆ ಕ್ಯಾಸ್ಕೇಡ್ ಬೆಟ್ಟಸಾಲು ದಾಟಬೇಕು. ಎಲೆನ್ಸ್‌ಬರ್ಗಿನಲ್ಲಿ 1923ರಿಂದ ಲೇಬರ್ ಡೇ ಹೊತ್ತಿಗೆ ರೋಡಿಯೋ ನಡೆಯುತ್ತದೆ. ರೋಡಿಯೋ ಅಂಗಳಗಳಲ್ಲಿ ಸವಾರನನ್ನು ಎತ್ತಿ ಒಗೆಯುವ ಗೂಳಿಗಳ ಹೆಗಲನ್ನು ಗಮನಿಸಿ. ಅನೇಕವಕ್ಕೆ ಇಣಿ ಇರುತ್ತದೆ, ಕೊರಳ ಕೆಳಗೆ ಗಂಗೆದೊಗಲು ಜೋಲುತ್ತದೆ. ಯುರೋಪಿನ ದನಕ್ಕೆ ಹೀಗೆ ಎದ್ದು ನಿಂತ ಇಣಿಯಿಲ್ಲ. ಈ ನೆಂಟಸ್ತಿಕೆ ಬೆಳೆದದ್ದು ಹೇಗೆ?

ಕಥೆ ಶುರುವಾಗುವುದು ಹತ್ತಿಯಿಂದ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿಕೊಂಡಿತು. ನ್ಯೂ ಆರ್ಲಿಯನ್ಸ್ ಹತ್ತಿ ಬೇರೆಡೆ ಸೊರಗಿದರೂ ಹುಬ್ಬಳ್ಳಿ-ಧಾರವಾಡದ ಎರೆಭೂಮಿಯಲ್ಲಿ ನೆಲೆಯೂರಿ 'ಧಾರವಾಡ-ಅಮೆರಿಕನ್' ಎಂದೇ ಹೆಸರಾಯಿತು. ಇತ್ತ 1854ರಲ್ಲಿ ಲೂಯಿಸಿಯಾನದ ರಿಚರ್ಡ್ ಬ್ಯಾರೋ ಎಂಬ ಜಮೀನ್ದಾರರಿಗೆ ಬ್ರಿಟಿಷ್ ಸರ್ಕಾರ ಭಾರತದ ಎರಡು ಹೋರಿಗಳನ್ನು ಉಡುಗೊರೆ ಕೊಟ್ಟಿತು. ಹತ್ತಿ, ಕಬ್ಬಿನ ಬೇಸಾಯ ಹೇಳಿಕೊಟ್ಟಿದ್ದಕ್ಕೆ ಅದು ಗುರುದಕ್ಷಿಣೆ. ಬೀಜ ಅತ್ತ ಹೋಯಿತು, ಹೋರಿ ಇತ್ತ ಬಂತು.

ದೊಡ್ಡ ಪ್ರಮಾಣದಲ್ಲಿ ದನ ಬಂದದ್ದು 1906ರಲ್ಲಿ. ಟೆಕ್ಸಸ್ಸಿನ ಕರಾವಳಿಯ ಸೆಕೆ, ಉಣ್ಣೆ, ನೊಣಗಳ ನಡುವೆ ಇಂಗ್ಲೆಂಡಿನ ತಳಿಗಳು ಏಗಲಾರದೆ ಬಡಕಲಾಗುತ್ತಿದ್ದವು. 'ಟೆಕ್ಸಸ್ ಜ್ವರ'ವನ್ನು ಹರಡುವುದು ಉಣ್ಣೆಯೇ ಎಂದು ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ 1893ರಲ್ಲಿ ತೋರಿಸಿಕೊಟ್ಟಿದ್ದರು. ಭಾರತದ ದನದ ಮೈಗೆ ಉಣ್ಣೆ ಅಷ್ಟಾಗಿ ಹತ್ತುವುದಿಲ್ಲ. ಇದನ್ನರಿತ ಪಿಯರ್ಸ್ ರಾಂಚಿನ ಎ. ಪಿ. ಬೋರ್ಡೆನ್ ಭಾರತಕ್ಕೇ ಹೋಗಿ 51 ದನಗಳನ್ನು ಹಡಗು ಹತ್ತಿಸಿದರು. ನ್ಯೂಯಾರ್ಕಿನ ಬಂದರಿನಲ್ಲಿ ತಡೆದಿಟ್ಟು ನೋಡಿದಾಗ ಕೆಲವಕ್ಕೆ 'ಸರ್ರಾ' ರೋಗ ಕಂಡಿತು. ಕೊನೆಗೆ ಟೆಕ್ಸಸ್ ಮುಟ್ಟಿದ್ದು 33 ಮಾತ್ರ. ನಾವೆಲ್ಲ ವೀಸಾ ಸ್ಟಾಂಪಿಂಗಿಗೆ ಅಲೆದ ಕಥೆ ಇದರ ಮುಂದೆ ಏನೂ ಅಲ್ಲ ಬಿಡಿ.

ಮುಂದಿನದು ಬೆರಕೆಯ ಕೆಲಸ. ಕಿಂಗ್ ರಾಂಚಿನವರು ಶಾರ್ಟ್‌ಹಾರ್ನ್ ಜೊತೆ ಬ್ರಾಹ್ಮಣ್ ರಕ್ತ ಬೆರೆಸಿದರು. 1920ರಲ್ಲಿ ಹುಟ್ಟಿದ 'ಮಂಕಿ' ಎಂಬ ಕೆಂಪು ಹೋರಿಯ ಸಂತತಿಯೇ ಸಾಂಟಾ ಗರ್ಟ್ರೂಡಿಸ್ ತಳಿಯಾಯಿತು. ಅದನ್ನು 1940ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರತ್ಯೇಕ ತಳಿ ಎಂದು ಒಪ್ಪಿತು. ಎಂಟರಲ್ಲಿ ಮೂರು ಪಾಲು ಬ್ರಾಹ್ಮಣ್, ಐದು ಪಾಲು ಶಾರ್ಟ್‌ಹಾರ್ನ್. ಆಂಗಸ್ ಜೊತೆ ಇದೇ ಲೆಕ್ಕದಲ್ಲಿ ಬೆರೆಸಿದ್ದು ಬ್ರ್ಯಾಂಗಸ್. ಮೃದು ಮಾಂಸ ಇಂಗ್ಲೆಂಡಿನ ಕಡೆಯಿಂದ, ಬಿಸಿಲು ತಾಳುವ ಮೈ ನಮ್ಮ ಕಡೆಯಿಂದ.

ತಾಳಿಕೆಯನ್ನು ಅಳೆಯುವುದು ಹೇಗೆ? ಲೂಯಿಸಿಯಾನದ ಐಬೀರಿಯಾ ಕೇಂದ್ರದ ರೋಡ್ ಎಂಬ ವಿಜ್ಞಾನಿ 1944ರಲ್ಲಿ ಸುಲಭ ಸೂತ್ರ ಕೊಟ್ಟರು. ದನವನ್ನು ಬಿಸಿಲಲ್ಲಿ ಬಿಟ್ಟು ಮೈಯ ಉಷ್ಣತೆ ನೋಡುವುದು. 101 ಡಿಗ್ರಿ ಫ್ಯಾರನ್‌ಹೀಟಿನ ಮೇಲೆ ಏರಿದ ಪ್ರತಿ ಡಿಗ್ರಿಗೆ ನೂರರಲ್ಲಿ ಹತ್ತು ಅಂಕ ಕಳೆಯುವುದು. ಬ್ರಾಹ್ಮಣ್‌ಗೆ ಬಂದ ಅಂಕ 89, ಆಂಗಸ್‌ಗೆ 59. ಅಂದರೆ ಅದೇ ಬಿಸಿಲಿಗೆ ಆಂಗಸ್‌ನ ಮೈ 105 ಡಿಗ್ರಿ ದಾಟಿದೆ! ಬೆರಕೆಯವು ನಡುವೆ ನಿಂತವು. ಕಾರಣ ಬಲು ಸರಳ: ನಮ್ಮ ದನಕ್ಕೆ ಬೆವರುವ ಶಕ್ತಿ ಹೆಚ್ಚು, ಕೂದಲು ಗಿಡ್ಡ ಮತ್ತು ನುಣುಪು, ಮೈಯೊಳಗೆ ಹುಟ್ಟುವ ಕಾವೇ ಕಡಿಮೆ. 2021ರ ಜೂನ್ 28ರಂದು ಸಿಯಾಟಲ್ಲಿನಲ್ಲಿ 108 ಡಿಗ್ರಿ ಮುಟ್ಟಿದಾಗ, ಏಸಿಯಿಲ್ಲದ ಮನೆಗಳಲ್ಲಿ ಒದ್ದೆ ಟವೆಲ್ ಹೊದ್ದು ಫ್ಯಾನಿನೆದುರು ಕೂತ ನಮಗೆ ರೋಡ್ ಸಾಹೇಬರು ಎಷ್ಟು ಅಂಕ ಕೊಡುತ್ತಿದ್ದರೋ!

ಈ ತಳಿಯ ವಂಶಾವಳಿಯಲ್ಲಿ ಗಿರ್, ಕಾಂಕ್ರೇಜ್, ಓಂಗೋಲುಗಳದ್ದೇ ದೊಡ್ಡ ಪಾಲು. ಅವುಗಳ ಜೊತೆ ಸಣ್ಣದಾಗಿ ಬರುವ ಇನ್ನೊಂದು ಹೆಸರು ನಮ್ಮನ್ನು ಹಿಡಿದು ನಿಲ್ಲಿಸುತ್ತದೆ: ಕೃಷ್ಣಾ ಕಣಿವೆ ತಳಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಆಚೆಗೆ ಸಾಂಗ್ಲಿಯ ದನ. ಇದೂ ಹುಟ್ಟಾ ಬೆರಕೆಯದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ಸೀಮೆಯ ಸಂಸ್ಥಾನಿಕರು ಗಿರ್, ಓಂಗೋಲು, ಕಾಂಕ್ರೇಜ್‌ಗಳಿಗೆ ಮೈಸೂರಿನ ಹಳ್ಳಿಕಾರ್ ಮೊದಲಾದ ದನಗಳನ್ನು ಸೇರಿಸಿ ಬೆಳೆಸಿದ್ದು. ಕಾಲು ಹೂತುಹೋಗುವ ಎರೆಹೊಲದಲ್ಲಿ ನೇಗಿಲೆಳೆಯಲು ಅಂಥ ಭಾರಿ ಎತ್ತೇ ಬೇಕಿತ್ತು. ಬೆರಕೆಯೆಂದರೆ ಮೂಗು ಮುರಿಯುವ ನಮ್ಮವರು ಇದನ್ನು ನೆನಪಿಡಬೇಕು.

ಟ್ರ್ಯಾಕ್ಟರು ಬಂದ ಮೇಲೆ ಆ ಎತ್ತಿಗೆ ಕೆಲಸ ತಪ್ಪಿತು. ಹಾಲಿನ ಡೈರಿಗಳು ಬಂದ ಮೇಲೆ ಕೊಟ್ಟಿಗೆಗೆ ಜೆರ್ಸಿ, ಹೋಲ್‌ಸ್ಟೀನ್ ಬೆರಕೆಯ ಹಸುಗಳು ಬಂದವು. ಮನೆ ನಡೆಸುವ ರೈತರನ್ನು ಇದಕ್ಕಾಗಿ ದೂರಲಾರೆವು. ನಮ್ಮಲ್ಲನೇಕರ ಕಾಲೇಜು ಫೀಸು ಆ ಹಾಲಿನಿಂದಲೇ ಬಂದದ್ದು. ಆದರೆ ಏಪ್ರಿಲ್ ಬಿಸಿಲಿಗೆ ಆ ಹಸು ನಾಲಿಗೆ ಚಾಚಿ ಏದುಸಿರು ಬಿಡುತ್ತದೆ, ಹಾಲು ಇಳಿಯುತ್ತದೆ, ತಗಡಿನ ಮಾಡಿಗೆ ನೀರು ಚಿಮುಕಿಸಬೇಕಾಗುತ್ತದೆ. ಟೆಕ್ಸಸ್ಸಿನವರು ಹಡಗು ಹತ್ತಿಸಿ ತಂದ ಗುಣವನ್ನೇ ನಾವು ಹೊಸ್ತಿಲಾಚೆ ಇಟ್ಟಿದ್ದೇವೆ. ಕೃಷ್ಣಾ ಕಣಿವೆಯ ಎತ್ತು ಈಗ ತನ್ನ ಸೀಮೆಯಲ್ಲೇ ಅಪರೂಪ. ಅದರ ಒಂದಿಷ್ಟು ರಕ್ತ, ಬೇರೆ ಹೆಸರು ಹೊತ್ತು, ಟೆಕ್ಸಸ್ಸಿನ ಹುಲ್ಲುಗಾವಲಲ್ಲಿ ಮೇಯುತ್ತಿದೆ.