ಬಾರ್ಟನ್ ತಿರುಗು ಮೇಲ್ಗಾಲುವೆ

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಪಶ್ಚಿಮಕ್ಕಿರುವ ಬಾರ್ಟನ್‌ನಲ್ಲಿ ಒಂದು ಕಾಲುವೆ ಇನ್ನೊಂದರ ನೆತ್ತಿಯ ಮೇಲೆ ಹಾದುಹೋಗುತ್ತದೆ. ಮೇಲಿನದು ದೋಣಿಗಳ ಬ್ರಿಜ್‌ವಾಟರ್ ಕಾಲುವೆ, ಕೆಳಗಿನದು ಹಡಗುಗಳ ಮ್ಯಾಂಚೆಸ್ಟರ್ ಕಾಲುವೆ. ದೊಡ್ಡ ಹಡಗು ಬಂತೆಂದರೆ ಮೇಲಿನ ಕಾಲುವೆಯ ಒಂದು ತುಂಡು ನೀರು ಸಮೇತ ತಿರುಗಿ ದಾರಿ ಬಿಡುತ್ತದೆ. ಜಗತ್ತಿನಲ್ಲಿ ಇಂಥ ತಿರುಗುವ ಮೇಲ್ಗಾಲುವೆ ಇದೊಂದೇ.

ಬ್ರಿಜ್‌ವಾಟರ್‌ನ ಮೂರನೆಯ ಡ್ಯೂಕ್ ಫ್ರಾನ್ಸಿಸ್ ಎಗರ್ಟನ್‌ಗೆ ವರ್ಸ್ಲಿಯ ತನ್ನ ಗಣಿಗಳಿಂದ ಮ್ಯಾಂಚೆಸ್ಟರಿಗೆ ಕಲ್ಲಿದ್ದಲು ಸಾಗಿಸಬೇಕಿತ್ತು. ನಡುವೆ ಇರ್ವೆಲ್ ನದಿ. ಕಾಲುವೆಯನ್ನು ನದಿಗಿಳಿಸಿ ಮತ್ತೆ ಹತ್ತಿಸುವ ಗೊಡವೆಗೆ ಹೋಗದೆ, ಅದರ ಮಟ್ಟ ಕೆಡದಂತೆ ಮೂರು ಕಮಾನುಗಳ ಕಲ್ಲಿನ ಸೇತುವೆಯ ಮೇಲೆ ದಾಟಿಸಿದವನು ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಗಾಳಿಯಲ್ಲಿ ಕಾಲುವೆಯೇ ಎಂದು ನಕ್ಕವರಿದ್ದರು. 1761ರ ಜುಲೈಯಲ್ಲಿ ಅದರ ಮೇಲೆ ದೋಣಿಗಳು ಸಾಗಿದವು.

ಆ ಸೇತುವೆ ಬಾಳಿದ್ದು ಸುಮಾರು 130 ವರ್ಷ. ಹತ್ತಿಯ ಗಿರಣಿಗಳ ಊರಾದ ಮ್ಯಾಂಚೆಸ್ಟರಿಗೆ ಲಿವರ್‌ಪೂಲ್ ಬಂದರಿನ ಹಂಗು ಬೇಡವಾಗಿತ್ತು. ಹಡಗುಗಳು ನೇರ ಊರಿಗೇ ಬರುವ ಕಾಲುವೆಗೆ 1885ರಲ್ಲಿ ಪಾರ್ಲಿಮೆಂಟು ಒಪ್ಪಿಗೆ ಕೊಟ್ಟಿತು. 58 ಕಿ.ಮೀ. ಉದ್ದದ ಹಡಗು ಕಾಲುವೆಯ ಅಗೆತ 1887ರಲ್ಲಿ ಶುರುವಾಯಿತು. ಅದೇ ವರ್ಷ ಹಡಗು ಕಾಲುವೆಯ ಕಂಪನಿ 17,10,000 ಪೌಂಡ್ ತೆತ್ತು ಬ್ರಿಜ್‌ವಾಟರ್ ಕಾಲುವೆಯನ್ನೂ ಕೊಂಡಿತು. ಹೀಗಾಗಿ ಮೇಲಿನ ದೋಣಿಗಳ ಸುಂಕವೂ ಕೆಳಗಿನ ಹಡಗುಗಳ ಸುಂಕವೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುವಂತಾಯಿತು. ಯಾವುದನ್ನು ಮುಚ್ಚಿದರೂ ನಷ್ಟ. ಬಾರ್ಟನ್‌ನಲ್ಲಿ ಹಡಗು ಕಾಲುವೆ ಇರ್ವೆಲ್ ನದಿಯ ಜಾಡಿನಲ್ಲೇ ಬರಬೇಕಿತ್ತು, ಆದರೆ ಬ್ರಿಂಡ್ಲಿಯ ಕಮಾನುಗಳಡಿ ಹಡಗು ನುಸುಳುವಂತಿರಲಿಲ್ಲ.

ಎಂಜಿನಿಯರ್ ಎಡ್ವರ್ಡ್ ಲೀಡರ್ ವಿಲಿಯಮ್ಸ್ ಹಡಗು ಕಾಲುವೆಯ ನಡುವೆ ಉದ್ದನೆಯ ದ್ವೀಪವೊಂದನ್ನು ಕಟ್ಟಿಸಿ, ಅದರ ಮೇಲೆ ತಿರುಗುವ ಕಬ್ಬಿಣದ ತೊಟ್ಟಿಯನ್ನು ಕೂರಿಸಿದ. ತಿರುಗಿಸುವ ಮೊದಲು ಅದರ ಎರಡು ತುದಿಗಳಲ್ಲೂ ಎರಡು ದಡಗಳಲ್ಲೂ ಬಾಗಿಲು ಮುಚ್ಚುತ್ತಾರೆ. ಒಳಗೆ ಸುಮಾರು 800 ಟನ್ ನೀರು ಉಳಿಯುತ್ತದೆ; ಎಲ್ಲ ಸೇರಿ ತೂಕ 1,450 ಟನ್. ಪ್ರತಿ ಸಲ ಬರಿದು ಮಾಡಿ ತುಂಬಿಸುವುದಕ್ಕಿಂತ ಹೊತ್ತು ತಿರುಗಿಸುವುದೇ ಅಗ್ಗ. ಇದರಲ್ಲೊಂದು ಸೊಗಸಿದೆ: ಕಲ್ಲಿದ್ದಲು ತುಂಬಿದ ದೋಣಿ ಒಳಗೆ ಬಂದರೂ ತೂಕ ಏರುವುದಿಲ್ಲ, ದೋಣಿ ತನ್ನಷ್ಟೇ ಭಾರದ ನೀರನ್ನು ಆಚೆ ತಳ್ಳಿಯೇ ಬಂದಿರುತ್ತದೆ. ತಿರುಗಿಸುವ ಶಕ್ತಿ ಒತ್ತಡದ ನೀರಿನದು. ಪಕ್ಕದ ರಸ್ತೆ ಸೇತುವೆಯೂ ಹೀಗೆಯೇ ತಿರುಗುತ್ತದೆ. ಎರಡಕ್ಕೂ ದ್ವೀಪದ ಇಟ್ಟಿಗೆ ಗೋಪುರದಿಂದಲೇ ಅಪ್ಪಣೆ. ಎರಡೂ ದ್ವೀಪದುದ್ದಕ್ಕೆ ಮಲಗಿದಾಗ ಹಡಗಿಗೆ ದಾರಿ ತೆರೆಯುತ್ತದೆ. ದೋಣಿಯವರು, ಗಾಡಿಯವರು ಕಾಯಬೇಕು.

ಹಡಗು ಕಾಲುವೆ 1894ರ ಜನವರಿ 1ರಂದು ತೆರೆಯಿತು. ಮೇ ತಿಂಗಳಲ್ಲಿ ವಿಕ್ಟೋರಿಯಾ ರಾಣಿ ವಿಧ್ಯುಕ್ತವಾಗಿ ಉದ್ಘಾಟಿಸಿದಳು. ಬ್ರಿಜ್‌ವಾಟರ್ ಕಾಲುವೆಯಲ್ಲಿ ಸರಕು ಸಾಗಣೆ 1970ರ ದಶಕದಲ್ಲಿ ನಿಂತಿತು, ಮ್ಯಾಂಚೆಸ್ಟರ್ ಹಡಗುಕಟ್ಟೆಗಳು 1982ರಲ್ಲಿ ಮುಚ್ಚಿದವು. ಈಗ ಮೇಲೆ ಓಡಾಡುವುದು ವಿಹಾರದ ದೋಣಿಗಳು. ಬ್ರಿಂಡ್ಲಿಯ ಕಟ್ಟಡದ ಒಂದಿಷ್ಟು ಕಲ್ಲು ಉತ್ತರ ದಡದಲ್ಲಿ ಉಳಿದಿದೆ.